ಯಾರ ಕೈಯಲ್ಲಿತ್ತು, ಯಾವ ಮನಸ್ಸಿನಿಂದ ಎತ್ತಿದರು: ಕಳವಿನ ಕಾನೂನು ಮತ್ತು ನಮ್ಮ ದಿನನಿತ್ಯ

(ತೀರ್ಥಹಳ್ಳಿಯಲ್ಲಿ ಮಳೆಗಾಲದ ಒಂದು ಸಂಜೆ ಕೃಷಿಕರು ಮತ್ತು ಕಾನೂನು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಈ ಸಭಾಂಗಣದ ಬಾಗಿಲಲ್ಲಿ ನೀವೆಲ್ಲ ಮಡಿಸಿಟ್ಟು ಬಂದಿರುವ ಕೊಡೆಗಳನ್ನು ನೋಡುತ್ತಲೇ ನಾನು ಒಳಗೆ ಬಂದೆ. ಮೂವತ್ತಕ್ಕಿಂತ ಹೆಚ್ಚಿವೆ, ಮುಕ್ಕಾಲುಪಾಲು ಕಪ್ಪು, ಯಾರೋ ಜಾಣರು ಒಂದೆರಡರ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದಾರೆ. ಸಭೆ ಮುಗಿದು ಹೊರಡುವ ಹೊತ್ತಿಗೆ ನಿಮ್ಮಲ್ಲಿ ಒಬ್ಬರಾದರೂ ತಮ್ಮದಲ್ಲದ ಕೊಡೆ ಹಿಡಿದು ಮನೆಗೆ ಹೋಗುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆ ಹೋದವರು ಕಳ್ಳರೇ? ಇವತ್ತಿನ ಮಾತನ್ನು ಈ ಕೊಡೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕಳವಿನ ಕಾನೂನಿನಲ್ಲಿ ಕಲಿಯಬೇಕಾದದ್ದರಲ್ಲಿ ಅರ್ಧಪಾಲು ಆ ಬಾಗಿಲ ಮೂಲೆಯಲ್ಲೇ ಇದೆ.

ಮೊದಲನೆಯವರು ಕತ್ತಲಲ್ಲಿ ತಮ್ಮದೆಂದೇ ತಿಳಿದು ಪಕ್ಕದವರ ಕೊಡೆ ಎತ್ತಿಕೊಂಡರು. ಅವರು ಕಳವು ಮಾಡಿಲ್ಲ. ಎರಡನೆಯವರು ಬಂದು ನೋಡಿದಾಗ ತಮ್ಮ ಕೊಡೆ ಇಲ್ಲ; 'ನನ್ನದನ್ನು ಯಾರೋ ಒಯ್ದರು, ನಾನೂ ಒಂದನ್ನು ಒಯ್ಯುತ್ತೇನೆ' ಎಂದು ಕೈಗೆ ಸಿಕ್ಕ ಇನ್ನೊಂದನ್ನು ಬಿಚ್ಚಿ ಹೊರಟರು. ಇದು ಕಳವು. ತಮ್ಮ ನಷ್ಟವನ್ನು ಇನ್ನೊಬ್ಬ ನಿರಪರಾಧಿಯ ತಲೆಗೆ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಮೂರನೆಯವರು ಕೊಡೆಯನ್ನೇ ತಂದಿರಲಿಲ್ಲ. 'ನಾಳೆ ತಂದಿಟ್ಟರಾಯಿತು' ಎಂದು ಒಂದನ್ನು ತೆಗೆದುಕೊಂಡರು, ಅದರ ಯಜಮಾನರು ನೆನೆಯುತ್ತಾ ನಡೆದರು. ನಾಳೆ ತಂದಿಡುವ ಮನಸ್ಸು ನಿಜವೇ ಆಗಿದ್ದರೂ ಇದು ಕಳವಾಗಬಲ್ಲದು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಇನ್ನು ಮೊದಲನೆಯವರ ಕಡೆಗೇ ಮತ್ತೆ ಬನ್ನಿ. ಅವರು ಮನೆಗೆ ಹೋಗಿ ದೀಪದ ಬೆಳಕಿನಲ್ಲಿ ನೋಡುತ್ತಾರೆ, ಹಿಡಿಕೆಯ ಮೇಲೆ ಬೇರೆಯವರ ಹೆಸರಿದೆ. 'ಹೋಗಲಿ, ನನ್ನದಕ್ಕಿಂತ ಹೊಸದು' ಎಂದು ಅದನ್ನೇ ಇಟ್ಟುಕೊಂಡರೆ ಆ ಕ್ಷಣಕ್ಕೆ ಅವರು ಅಪರಾಧಿ. ಆದರೆ ಆ ಅಪರಾಧದ ಹೆಸರು ಕಳವಲ್ಲ, ಅಪ್ರಾಮಾಣಿಕ ದುರ್ವಿನಿಯೋಗ. ಕೊಡೆ ಒಂದೇ, ಕೈ ಒಂದೇ. ಮನಸ್ಸು ಕೆಟ್ಟ ಗಳಿಗೆ ಬೇರೆಯಾದುದರಿಂದ ಕಲಂ ಬೇರೆಯಾಯಿತು.

1860ರಲ್ಲಿ ಅಂಗೀಕರಿಸಿದ ಭಾರತೀಯ ದಂಡ ಸಂಹಿತೆಯಲ್ಲಿ ಕಳವಿನ ವ್ಯಾಖ್ಯೆ 378ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 303ನೇ ಕಲಮಿಗೆ ಬಂದಿದೆ. ಮನೆ ಬದಲಾಯಿಸಿದೆ, ಸಾಮಾನು ಬಹುತೇಕ ಹಳೆಯದೇ. ಯಾವುದೇ ವ್ಯಕ್ತಿಯ ಸ್ವಾಧೀನದಿಂದ, ಆತನ ಸಮ್ಮತಿಯಿಲ್ಲದೆ, ಚರ ಸ್ವತ್ತನ್ನು ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಆ ಸ್ವತ್ತನ್ನು ಕದಲಿಸಿದವನು ಕಳವು ಮಾಡಿದನೆಂದು ಅದು ಹೇಳುತ್ತದೆ. ಇದರಲ್ಲಿ 'ಒಯ್ಯುವುದು' ಎಂಬ ಮಾತಿಲ್ಲ, 'ಕದಲಿಸುವುದು' ಎಂದಿದೆ. 'ಒಡೆತನ' ಎಂಬ ಮಾತಿಲ್ಲ, 'ಸ್ವಾಧೀನ' ಎಂದಿದೆ. ನನ್ನ ಬಳಿ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರು ಎಡವುವುದು ಈ ಎರಡು ಪದಗಳಲ್ಲಿಯೇ.

ಮೊದಲು ಕದಲಿಸುವುದನ್ನು ನೋಡೋಣ. ಮಧ್ಯರಾತ್ರಿ ಇಬ್ಬರು ನಿಮ್ಮ ತೋಟಕ್ಕೆ ನುಗ್ಗುತ್ತಾರೆ. ಒಬ್ಬ ಮರ ಹತ್ತಿ ನಾಲ್ಕು ಅಡಿಕೆ ಗೊನೆ ಕೊಯ್ದು ಕೆಳಗೆ ಬಿಡುತ್ತಾನೆ, ಅಷ್ಟರಲ್ಲಿ ನಾಯಿ ಬೊಗಳುತ್ತದೆ, ಇಬ್ಬರೂ ಹಳ್ಳ ದಾಟಿ ಓಡುತ್ತಾರೆ. ಬೆಳಿಗ್ಗೆ ನೀವು ಹೋಗಿ ನೋಡಿದರೆ ಗೊನೆಗಳು ಬುಡದಲ್ಲೇ ಬಿದ್ದಿವೆ. 'ಸದ್ಯ, ಏನೂ ಕಳವಾಗಿಲ್ಲ' ಎಂದು ನೀವು ಹೇಳುತ್ತೀರಿ. ಕಾನೂನು ಹಾಗೆ ಹೇಳುವುದಿಲ್ಲ. ಭೂಮಿಗೆ ಅಂಟಿಕೊಂಡಿರುವವರೆಗೆ ಮರವಾಗಲಿ ಗೊನೆಯಾಗಲಿ ಚರ ಸ್ವತ್ತಲ್ಲ, ಆದ್ದರಿಂದ ಅದನ್ನು ಕದಿಯಲು ಬರುವುದಿಲ್ಲ. ಆದರೆ ಬೇರ್ಪಡಿಸಿದ ಕ್ಷಣದಲ್ಲೇ ಅದು ಚರ ಸ್ವತ್ತಾಗುತ್ತದೆ, ಮತ್ತು ಬೇರ್ಪಡಿಸುವ ಕ್ರಿಯೆಯೇ ಕದಲಿಸುವ ಕ್ರಿಯೆಯೂ ಆಗಬಹುದೆಂದು ಕಲಮಿನ ಎರಡನೆಯ ವಿವರಣೆ ಸ್ಪಷ್ಟಪಡಿಸುತ್ತದೆ. ಕತ್ತಿ ಗೊನೆಯ ಕಾವನ್ನು ಕಡಿದಾಗಲೇ ಕಳವು ಮುಗಿಯಿತು. ಗೊನೆ ನಿಮ್ಮ ತೋಟದಲ್ಲೇ ಬಿದ್ದಿದೆ ಎಂಬುದರಿಂದ ಶಿಕ್ಷೆಯ ಪ್ರಮಾಣ ಕಡಿಮೆಯಾದೀತೇ ಹೊರತು ಅಪರಾಧ ಅಳಿಯುವುದಿಲ್ಲ. ಮರ ಹತ್ತಿ, ಕತ್ತಿ ಎತ್ತಿ, ಕಡಿಯುವ ಮೊದಲೇ ಸಿಕ್ಕಿಬಿದ್ದವನದು ಮಾತ್ರ ಕಳವಿನ ಪ್ರಯತ್ನ.

ಕಾನೂನು ಬರೆದವರು ಇಂಥ ಸಣ್ಣ ಚಲನೆಗಳನ್ನು ಎಷ್ಟು ಆಸಕ್ತಿಯಿಂದ ಗಮನಿಸಿದ್ದರೆಂಬುದಕ್ಕೆ ಕಲಮಿನ ಕೆಳಗಿರುವ ದೃಷ್ಟಾಂತಗಳೇ ಸಾಕ್ಷಿ. ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಪರರ ನಾಯಿಯನ್ನು ಆಸೆ ತೋರಿಸಿ ಕರೆದರೆ, ನಾಯಿ ಹಿಂದೆ ಹೆಜ್ಜೆ ಹಾಕಲು ಶುರುಮಾಡಿದ ಕೂಡಲೇ ಕಳವಾಯಿತು. ಬೆಲೆಬಾಳುವ ಪೆಟ್ಟಿಗೆ ಹೊತ್ತ ಎತ್ತನ್ನು ಬೇರೆ ದಾರಿಗೆ ಹೊಡೆದರೆ, ಎತ್ತು ಕದಲಿದಾಗಲೇ ಪೆಟ್ಟಿಗೆಯ ಕಳವೂ ಆಯಿತು. ಮನೆಗೆ ಬಂದ ನೆಂಟನೊಬ್ಬ ಮೇಜಿನ ಮೇಲಿದ್ದ ಉಂಗುರವನ್ನು ಅದೇ ಮನೆಯಲ್ಲಿ, ಯಾರೂ ಹುಡುಕದ ಜಾಗದಲ್ಲಿ ಅಡಗಿಸಿಟ್ಟು, ಮನೆಯವರು ಮರೆತ ಮೇಲೆ ಬಂದು ಒಯ್ಯೋಣವೆಂದುಕೊಂಡರೆ, ಉಂಗುರ ಹೊಸ್ತಿಲು ದಾಟದಿದ್ದರೂ ಆತ ಕಳ್ಳನೇ. 1837ರಲ್ಲಿ ಮೆಕಾಲೆಯ ನೇತೃತ್ವದ ಆಯೋಗ ಸಿದ್ಧಪಡಿಸಿದ ಕರಡಿನಿಂದ ಬೆಳೆದುಬಂದ ಈ ಪದ್ಧತಿ, ಅಂದರೆ ನಿಯಮದ ಕೆಳಗೇ ಕಥೆ ಹೇಳುವ ಪದ್ಧತಿ, ನನಗೆ ಬಹಳ ಇಷ್ಟ. ವಿದ್ಯಾರ್ಥಿಗಳು ಕಲಂ ಬಾಯಿಪಾಠ ಮಾಡಿ ದೃಷ್ಟಾಂತಗಳನ್ನು ಬಿಟ್ಟುಬಿಡುತ್ತೀರಿ. ಅದು ಸುಲಿದ ಅಡಿಕೆ ಎಸೆದು ಸಿಪ್ಪೆ ಕಾಯ್ದಿಟ್ಟ ಹಾಗೆ.

ಎರಡನೆಯ ಪದ ಸ್ವಾಧೀನ. ನಿಮ್ಮ ಮಿಕ್ಸಿ ಕೆಟ್ಟಿತು, ಪೇಟೆಯ ರಿಪೇರಿ ಅಂಗಡಿಗೆ ಕೊಟ್ಟಿರಿ. ಆತ ಮೋಟಾರಿಗೆ ಹೊಸದಾಗಿ ಸುತ್ತು ಹಾಕಿ ಸರಿಮಾಡಿ, 600 ರೂಪಾಯಿ ಎಂದ. ನೀವು ಜಗಳವಾಡಿ ಬಂದು, ಮಧ್ಯಾಹ್ನ ಆತ ಊಟಕ್ಕೆ ಹೋದಾಗ ಹಲಗೆಯ ಮೇಲಿದ್ದ ನಿಮ್ಮದೇ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಿರಿ. ಮಿಕ್ಸಿ ನಿಮ್ಮದು, ಬಿಲ್ಲು ನಿಮ್ಮ ಹೆಸರಿನಲ್ಲಿದೆ, ಆದರೂ ನೀವು ಕಳವು ಮಾಡಿದ್ದೀರಿ. ಕೂಲಿ ಸಂದಾಯವಾಗುವವರೆಗೆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕನ್ನು ಕರಾರು ಕಾಯಿದೆಯ 170ನೇ ಕಲಂ ಆತನಿಗೆ ಕೊಟ್ಟಿದೆ. ಆ ಭದ್ರತೆಯನ್ನು ನೀವು ಕಿತ್ತುಕೊಂಡಿರಿ. ಆತನಿಗೆ ನೀವು ಏನೂ ಕೊಡಬೇಕಿರಲಿಲ್ಲ, ಸುಮ್ಮನೆ ಸತಾಯಿಸುತ್ತಿದ್ದ ಎಂದಾದರೆ, ಎಲ್ಲರೆದುರು ಅಂಗಡಿಗೆ ನುಗ್ಗಿ ಎತ್ತಿಕೊಂಡು ಬಂದರೂ ಅದು ಅತಿಕ್ರಮ ಪ್ರವೇಶವೋ ಹಲ್ಲೆಯೋ ಆದೀತು, ಕಳವಾಗದು, ಏಕೆಂದರೆ ಅಲ್ಲಿ ಅಪ್ರಾಮಾಣಿಕತೆ ಇಲ್ಲ. ಸಂಹಿತೆ ಇದನ್ನು ಕೈಗಡಿಯಾರದ ಉದಾಹರಣೆಯಿಂದ ಹೇಳಿದೆ.

ಇದನ್ನು ತೋಟಕ್ಕೆ ತನ್ನಿ. ನೀವು ಈ ವರ್ಷದ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟಿದ್ದೀರಿ, ಹಣವೂ ಬಂದಿದೆ. ಗೊನೆ ಹಣ್ಣಾಗುತ್ತಿರುವಾಗ ಯಜಮಾನರು ತಮ್ಮದೇ ತೋಟವಲ್ಲವೇ ಎಂದು ಕೊನೆಗಾರನನ್ನು ಕರೆದು ಹತ್ತು ಗೊನೆ ಇಳಿಸಿ ರಾತ್ರೋರಾತ್ರಿ ಸುಲಿಸಿದರೆ, ಜಮೀನಿನ ಪಹಣಿ ಅವರ ಹೆಸರಿನಲ್ಲಿದೆ ಎಂಬ ಉತ್ತರ ಸಾಲದು. ಫಸಲು ಚೇಣಿದಾರನ ಸ್ವಾಧೀನಕ್ಕೆ ಹೋಗಿದೆಯೇ ಎಂಬುದು ಕರಾರಿನ ಮೇಲೆ ನಿಂತಿರುವ ಪ್ರಶ್ನೆ. ಮನೆಖರ್ಚಿಗೆ, ಹಬ್ಬಕ್ಕೆ ಇಷ್ಟು ಗೊನೆ ಎಂದು ಮೊದಲೇ ಮಾತಾಗಿದ್ದರೆ ಸಮಸ್ಯೆಯೇ ಇಲ್ಲ. ನಮ್ಮಲ್ಲಿ ಚೇಣಿ ವ್ಯವಹಾರ ಬಾಯಿಮಾತಿನಲ್ಲಿ ನಡೆದು ಜಗಳ ಮಾತ್ರ ಕಾಗದದ ಮೇಲೆ ಬರುತ್ತದೆ. ಒಂದು ಪುಟ ಬರೆದಿಡಿ ಎಂದು ನಾನು ಹೇಳುತ್ತಲೇ ಇರುತ್ತೇನೆ, ಯಾರೂ ಬರೆಯುವುದಿಲ್ಲ.

ಇದೇ ತರ್ಕದ ಇನ್ನೊಂದು ತುದಿಯಲ್ಲಿ, ಯಾರ ಸ್ವಾಧೀನದಲ್ಲೂ ಇಲ್ಲದ ವಸ್ತುವನ್ನು ಕದಿಯಲಾಗದು. ದೇವರ ಹೆಸರಿನಲ್ಲಿ ಊರಿಗೆ ಬಿಟ್ಟ ಗೂಳಿಯ ವಿಚಾರವಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಅಲಹಾಬಾದ್ ಮತ್ತು ಕಲ್ಕತ್ತಾ ಹೈಕೋರ್ಟುಗಳು, ಶ್ರಾದ್ಧದ ವಿಧಿಯಂತೆ ಬಿಟ್ಟ ಮೇಲೆ ಅದು ಯಾರ ಸ್ವತ್ತೂ ಅಲ್ಲ, ಹಿಡಿದವನ ಮೇಲೆ ಕಳವಿನ ಆರೋಪ ನಿಲ್ಲದು ಎಂಬರ್ಥದ ತೀರ್ಪು ಕೊಟ್ಟಿದ್ದವು. ದೇವಸ್ಥಾನಕ್ಕೇ ಒಪ್ಪಿಸಿದ ಗೂಳಿಯಾದರೆ ಅದು ದೇವಸ್ಥಾನದ ಸ್ವತ್ತೆಂದು ಮದ್ರಾಸ್ ಹೈಕೋರ್ಟು ಹೇಳಿತ್ತು. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಹರಿಯುವಾಗ ತೇಲಿ ಬಂದ ತೆಂಗಿನಕಾಯಿಯನ್ನು ಹಿಡಿದವನು ಕಳ್ಳನಲ್ಲ. ತೇಲಿ ಬಂದ ಮರದ ದಿಮ್ಮಿ ಮಾತ್ರ ಹಾಗಲ್ಲ. ಅರಣ್ಯ ಕಾಯಿದೆಯ ಪ್ರಕಾರ ಯಾರಾದರೂ ಹಕ್ಕು ಸಾಬೀತುಪಡಿಸುವವರೆಗೆ ಅಂಥ ನಾಟಾ ಸರ್ಕಾರದ್ದೆಂದೇ ಭಾವಿಸಬೇಕು. ಹೊಳೆಯ ಮರಳೂ ಹಾಗೆಯೇ: ರಾತ್ರಿ ತುಂಬಿಕೊಂಡು ಹೋದವನ ಮೇಲೆ ಖನಿಜ ಕಾಯಿದೆಯ ಜೊತೆಗೆ ಕಳವಿನ ಮೊಕದ್ದಮೆಯೂ ನಡೆಯಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಮಾನಿಸಿದೆ.

ರಸ್ತೆಯಲ್ಲಿ ಸಿಕ್ಕ ವಸ್ತುವಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಸಾಗರದ ಬಸ್ಸಿಳಿದಾಗ ನಿಲ್ದಾಣದ ಕಲ್ಲುಬೆಂಚಿನ ಕೆಳಗೆ ಒಂದು ಮೊಬೈಲ್ ಸಿಕ್ಕಿತೆನ್ನಿ. ಎತ್ತಿಕೊಂಡದ್ದು ಕಳವಲ್ಲ. ಯಜಮಾನನಿಗೆ ಮುಟ್ಟಿಸಲೆಂದು ಎತ್ತಿಕೊಂಡಿದ್ದರೆ ಯಾವ ಅಪರಾಧವೂ ಅಲ್ಲ. ಆದರೆ ಯಜಮಾನ ಯಾರೆಂದು ತಿಳಿಯುವ ದಾರಿ ನಿಮಗಿದ್ದೂ, ಯೋಗ್ಯ ಪ್ರಯತ್ನ ಮಾಡದೆ, ಯೋಗ್ಯ ಕಾಲ ಕಾಯದೆ, ಸಿಮ್ ಕಿತ್ತೆಸೆದು ನಿಮ್ಮ ಸಿಮ್ ಹಾಕಿಕೊಂಡರೆ 314ನೇ ಕಲಮಿನ ದುರ್ವಿನಿಯೋಗ. 'ಅಮ್ಮ' ಎಂಬ ಹೆಸರಿನಿಂದ ಮೂರು ಬಾರಿ ಕರೆ ಬಂದ ಫೋನಿನ ಯಜಮಾನ ಗೊತ್ತಾಗಲಿಲ್ಲವೆಂದು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ಹೊಸ ಸಂಹಿತೆಯಲ್ಲಿ ಒಂದು ವಿಚಿತ್ರ ಸಂಗತಿ ನಡೆದಿದೆ. ಮೊದಲ ಬಾರಿಯ ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಸೆರೆಮನೆ ಅಥವಾ ದಂಡ ಅಥವಾ ಎರಡೂ; ಇಂತಿಷ್ಟು ಕನಿಷ್ಠ ಎಂಬುದಿಲ್ಲ. ಸಿಕ್ಕ ವಸ್ತುವನ್ನು ನುಂಗಿದವನಿಗಾದರೋ ಈಗ ಆರು ತಿಂಗಳ ಕನಿಷ್ಠ ಸೆರೆವಾಸ, ಗರಿಷ್ಠ ಎರಡು ವರ್ಷ, ಜೊತೆಗೆ ದಂಡ. ಜೇಬಿಗೆ ಕೈಹಾಕಿ ಫೋನ್ ಎಗರಿಸಿದವನು ದಂಡ ಕಟ್ಟಿ ಹೊರಬರಬಹುದು, ಬೆಂಚಿನ ಕೆಳಗೆ ಸಿಕ್ಕಿದ್ದನ್ನು ಇಟ್ಟುಕೊಂಡವನು ಬರಲಾರ. ಇದರ ಔಚಿತ್ಯ ನನಗೆ ಇನ್ನೂ ಅರ್ಥವಾಗಿಲ್ಲ.

ಈಗ ಮೂರನೆಯ ಕೊಡೆಗೆ, ನಾಳೆ ತಂದಿಡುತ್ತೇನೆ ಎಂದವರ ಕೊಡೆಗೆ ಬರೋಣ. 1952ರಲ್ಲಿ ಜೋಧಪುರದಲ್ಲಿ ತರಬೇತಿಯಲ್ಲಿದ್ದ ವಾಯುಪಡೆಯ ಕೆಡೆಟ್ ಒಬ್ಬ, ಅಪ್ಪಣೆಯಿಲ್ಲದೆ ಹಾರ್ವರ್ಡ್ ವಿಮಾನವೊಂದನ್ನು ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿದ. ವಿಮಾನವನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶ ತನಗಿರಲಿಲ್ಲವೆಂಬ ವಾದವೂ ಇತ್ತು. ಕೆ. ಎನ್. ಮೆಹ್ರಾ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1957ರಲ್ಲಿ ಹೇಳಿದ್ದೇನೆಂದರೆ, ನಮ್ಮ ಕಾನೂನಿನ ಪ್ರಕಾರ ಕಳವಿಗೆ ಶಾಶ್ವತ ನಷ್ಟ ಬೇಕಿಲ್ಲ. ತಾತ್ಕಾಲಿಕವಾಗಿ ಸ್ವಾಧೀನ ತಪ್ಪಿಸಿ ಅದರ ಉಪಯೋಗವನ್ನು ಅಕ್ರಮವಾಗಿ ಪಡೆದರೂ ಸಾಕು. ಕೆಲವು ವರ್ಷಗಳ ನಂತರ ರಾಜಸ್ಥಾನದ ಅಳ್ವರ್‌ನ ಒಬ್ಬ ಕಚೇರಿ ಅಧೀಕ್ಷಕರು ಸರ್ಕಾರಿ ಕಡತವನ್ನು ಮನೆಗೆ ಒಯ್ದು, ಮಿತ್ರನಿಗೆ ಕೊಟ್ಟು, ಕಾಗದ ಬದಲಾಯಿಸಿ, ಮತ್ತೆ ಕಚೇರಿಗೆ ತಂದಿಟ್ಟ ಪ್ರಕರಣದಲ್ಲೂ ಇದೇ ತತ್ತ್ವ ಗಟ್ಟಿಯಾಯಿತು. ಆದ್ದರಿಂದ ಪಕ್ಕದ ಮನೆಯವನ ಬೈಕನ್ನು ಕೇಳದೆ ಒಯ್ದು ಕುಂದಾದ್ರಿ ಸುತ್ತಿ ಸಂಜೆ ಅದೇ ಜಾಗದಲ್ಲಿ ನಿಲ್ಲಿಸಿದ ಹುಡುಗ, 'ತಂದಿಟ್ಟಿದ್ದೇನಲ್ಲ' ಎಂದರೆ ಬಚಾವಾಗುವುದಿಲ್ಲ.

ಹಾಗಾದರೆ ಗೆಳೆಯನ ಮನೆಯಿಂದ ಕೇಳದೆ ಪುಸ್ತಕ ತಂದು ಓದಿದವನೂ ಕಳ್ಳನೇ ಎಂದು ನೀವು ಕೇಳಬಹುದು. ಅಲ್ಲ. ಸಮ್ಮತಿ ಬಾಯಿಬಿಟ್ಟೇ ಹೇಳಬೇಕೆಂದಿಲ್ಲ, ಸಂದರ್ಭದಿಂದ ಊಹಿಸುವಂಥದ್ದೂ ಆಗಿರಬಹುದು. ಗೆಳೆಯ ಬೇಡವೆನ್ನುವುದಿಲ್ಲ ಎಂಬ ನಂಬಿಕೆ ಪ್ರಾಮಾಣಿಕವಾಗಿದ್ದರೆ ಕಳವಿಲ್ಲ. ನಮ್ಮ ಹಳ್ಳಿಗಳ ಬದುಕು ಬಹುಪಾಲು ಈ ಊಹೆಯ ಸಮ್ಮತಿಯ ಮೇಲೇ ನಡೆದಿದೆ. ಸಾರಿಗೆ ಒಗ್ಗರಣೆ ಹಾಕುವಾಗ ಕರಿಬೇವು ಇಲ್ಲವೆಂದು ಆಚೆಮನೆಯ ಹಿತ್ತಲಿನಿಂದ ಎರಡು ಎಸಳು ಮುರಿದುಕೊಂಡು ಬಂದರೆ ಯಾರೂ ಮಾತಾಡುವುದಿಲ್ಲ. ಮುಂಜಾನೆ ಐದೂವರೆಗೆ ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಬೀದಿಯುದ್ದಕ್ಕೂ ಪರರ ಬೇಲಿಯ ದಾಸವಾಳ ಕೊಯ್ಯುವ ಭಕ್ತರ ವಿಷಯ ಹಾಗಲ್ಲ. ಮನೆಯೊಡತಿ ಒಮ್ಮೆ 'ನಮ್ಮ ಪೂಜೆಗೂ ಎರಡು ಬಿಡಿ' ಎಂದು ಗೊಣಗಿದ ಮೇಲೆ ಊಹೆಯ ಸಮ್ಮತಿ ಮುಗಿಯಿತು. ದೇವರಿಗಾಗಿ ಕೊಯ್ದೆ, ನನಗೇನು ಲಾಭ ಎನ್ನುವಂತಿಲ್ಲ; ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ, ಇವೆರಡರಲ್ಲಿ ಒಂದರ ಉದ್ದೇಶವಿದ್ದರೂ ಅಪ್ರಾಮಾಣಿಕತೆ ಆಯಿತು. ಆದರೂ ನಾಲ್ಕು ಹೂವಿನ ವಿಚಾರಕ್ಕೆ ಠಾಣೆಗೆ ಹೋದರೆ 33ನೇ ಕಲಂ ಅಡ್ಡ ಬರುತ್ತದೆ: ಸಾಮಾನ್ಯ ವಿವೇಕದ ಮನುಷ್ಯ ದೂರುವುದಕ್ಕೆ ಲಾಯಕ್ಕಿಲ್ಲದಷ್ಟು ಅಲ್ಪ ಹಾನಿ ಅಪರಾಧವಲ್ಲ. ಸೇವಂತಿಗೆ ಬೆಳೆದು ಮಾರುವವಳ ಹೊಲದಿಂದ ಬುಟ್ಟಿ ತುಂಬಿಕೊಂಡವನಿಗೆ ಆ ಕಲಂ ಸಿಗದು.

ಈ ಮಾತಿಗೆ ನಮ್ಮ ಬೂರೆಗಳವು ನೆನಪಾಗುತ್ತದೆ. ದೀಪಾವಳಿಯ ಸಮಯದಲ್ಲಿ ರಾತ್ರಿ ಹುಡುಗರು ಗುಂಪುಕಟ್ಟಿಕೊಂಡು ಊರಿನವರ ತೋಟದ ಎಳನೀರು, ಸೌತೆಕಾಯಿ, ಬಾಳೆಗೊನೆ ಹಾರಿಸುವ ಪದ್ಧತಿಯನ್ನು ನಿಮ್ಮಲ್ಲಿ ಬಹಳ ಜನ ಆಚರಿಸಿಯೇ ಬಂದಿದ್ದೀರಿ. ಒಂದೊಂದು ಸೀಮೆಯಲ್ಲಿ ಒಂದೊಂದು ಉಚ್ಚಾರ. ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿರುವ ಹಿರಿಯರೂ ಅದರಲ್ಲಿ ಸೇರಿದ್ದಾರೆಂದು ಕಾಣುತ್ತದೆ. ಊರು ಇದನ್ನು ಕಳವೆಂದೇ ಕರೆದು, ಕಳವಲ್ಲವೆಂದು ಒಪ್ಪಿಕೊಂಡಿದೆ. ಕಾನೂನಿನ ಕಣ್ಣಿನಿಂದ ನೋಡಿದರೆ ಸಂಪ್ರದಾಯ ಸ್ವತಃ ವಿನಾಯಿತಿಯಲ್ಲ, ಆದರೆ ಊಹೆಯ ಸಮ್ಮತಿಗೆ ಅದು ಬಲವಾದ ಆಧಾರ: ಆ ರಾತ್ರಿ, ಆ ಊರಿನವರು, ಆ ಬಗೆಯ ವಸ್ತು, ತಿಂದು ಮುಗಿಸುವಷ್ಟು. ಬೇರೆ ಊರಿಂದ ಬಂದು ಇಲ್ಲಿ ತೋಟ ಕೊಂಡವರು ತಮಗೆ ಇದು ಒಪ್ಪಿಗೆಯಿಲ್ಲವೆಂದು ಮೊದಲೇ ತಿಳಿಸಿದ್ದರೆ ಆ ಬೇಲಿಯಾಚೆ ಸಂಪ್ರದಾಯ ಕೆಲಸ ಮಾಡದು. ಒಣಗಲು ಹಾಕಿದ ಅಡಿಕೆಯನ್ನೋ ಪಂಪ್‌ಸೆಟ್ಟಿನ ತಾಮ್ರದ ತಂತಿಯನ್ನೋ ಬೂರೆಗಳವಿನ ಹೆಸರಿನಲ್ಲಿ ಒಯ್ದವರು ಹಬ್ಬವನ್ನೂ ಕದ್ದಂತೆ.

ಅಣ್ಣತಮ್ಮಂದಿರ ನಡುವಿನ ದೂರುಗಳಿಗೆ ಬರುತ್ತೇನೆ. ಹಿಸ್ಸೆ ಪೂರ್ತಿಯಾಗದ ತೋಟದಲ್ಲಿ ತಮ್ಮ ಕೊನೆ ತೆಗೆಸಿದನೆಂದು ಅಣ್ಣ ಕಳವಿನ ದೂರು ಕೊಡುವುದು ನಮ್ಮ ಭಾಗದಲ್ಲಿ ಹೊಸತಲ್ಲ. ತನಗೆ ಹಕ್ಕಿದೆಯೆಂದು ಪ್ರಾಮಾಣಿಕವಾಗಿ ನಂಬಿ ತೆಗೆದುಕೊಂಡರೆ, ಆ ಹಕ್ಕು ಕೊನೆಗೆ ಸಿವಿಲ್ ನ್ಯಾಯಾಲಯದಲ್ಲಿ ಬಿದ್ದುಹೋದರೂ, ಕಳವಾಗದು. ಕೆರೆಯೊಂದರ ಮೀನು ಹಿಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಇದನ್ನು ವಿವರವಾಗಿ ಹೇಳಿದೆ. ಆದರೆ ಹಕ್ಕಿನ ಮಾತು ನೆಪವಾಗಿರಬಾರದು. ಹಗಲು ಹೊತ್ತು, ನಾಲ್ಕು ಜನರನ್ನು ಕರೆದು, ತನ್ನ ಪಾಲೆಂದು ಹೇಳಿ ಕೊಯ್ಸಿದವನ ನಂಬಿಕೆಯೂ, ಅಮಾವಾಸ್ಯೆಯ ರಾತ್ರಿ ಟಾರ್ಚಿಗೆ ಬಟ್ಟೆ ಸುತ್ತಿ ಕೊಯ್ಸಿದವನ ನಂಬಿಕೆಯೂ ಒಂದೇ ತೂಕದ್ದಲ್ಲ.

ಮನೆಯೊಳಗಿನ ಒಡವೆಯ ಬಗ್ಗೆ ಒಂದೇ ಮಾತು: ಹೆಂಡತಿಯ ಸ್ತ್ರೀಧನ ಹೆಂಡತಿಯದೇ, ಗಂಡ ಅದನ್ನು ನಂಬಿಕೆಯಿಂದ ಇಟ್ಟುಕೊಂಡವನು ಮಾತ್ರ, ಮರಳಿ ಕೊಡದಿದ್ದರೆ ನಂಬಿಕೆ ದ್ರೋಹದ ಮೊಕದ್ದಮೆ ಎದುರಿಸಬೇಕೆಂದು 1985ರಲ್ಲೇ ತೀರ್ಮಾನವಾಗಿದೆ. ಕರೆಂಟಿನ ಬಗ್ಗೆಯೂ ಒಂದೇ ಮಾತು: ಮೆಸ್ಕಾಂ ತಂತಿಗೆ ಕೊಕ್ಕೆ ಹಾಕುವುದು ಕಳವೇ, ಆದರೆ ಅದರ ಶಿಕ್ಷೆ 2003ರ ವಿದ್ಯುತ್ ಕಾಯಿದೆಯ 135ನೇ ಕಲಮಿನಲ್ಲಿದೆ.

ಇನ್ನು ಹೊಸ ಸಂಹಿತೆ ತಂದ ನಿಜವಾದ ಬದಲಾವಣೆ. ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ಅಪರಾಧಿಯೆಂದು ತೀರ್ಮಾನವಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಹಸಿವಿಗೆ ಕದ್ದವನನ್ನು ಜೈಲಿಗೆ ಕಳಿಸಿ ಪಳಗಿದ ಕಳ್ಳನನ್ನಾಗಿ ಮಾಡುವುದಕ್ಕಿಂತ ಇದು ಒಳ್ಳೆಯದೆಂದೇ ನಾನು ತಿಳಿದಿದ್ದೇನೆ. ಆದರೆ ಇದರ ಇನ್ನೊಂದು ಮುಖವನ್ನು ಕೃಷಿಕರು ಗಮನಿಸಿಲ್ಲ. ಅಪರಾಧಗಳ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ ಇಂಥ ಸಣ್ಣ ಕಳವನ್ನು ಅಸಂಜ್ಞೇಯ, ಜಾಮೀನು ಸಿಗುವ ಅಪರಾಧವೆಂದು ವರ್ಗೀಕರಿಸಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ರಾಶಿ ದರ್ಜೆಯ ಅಡಿಕೆ ಕ್ವಿಂಟಲಿಗೆ 50,000 ರೂಪಾಯಿ ಇರುವ ದಿನ 10 ಕೆಜಿಯ ಬೆಲೆ ಸರಿಯಾಗಿ 5,000. ಅಂಗಳದ ತಟ್ಟಿಯಿಂದ 10 ಕೆಜಿ ಹೋದರೆ ಪೊಲೀಸರು ಎಫ್‌ಐಆರ್ ದಾಖಲಿಸಿ ಬರಬೇಕು. 9 ಕೆಜಿ ಹೋದರೆ ನೀವು ನ್ಯಾಯಾಲಯದ ಕಡೆಗೆ ನೋಡಬೇಕು. ಧಾರಣೆ ಏರಿದ ವಾರ ಸಂಜ್ಞೇಯವಾದದ್ದು ಇಳಿದ ವಾರ ಅಸಂಜ್ಞೇಯವಾಗುತ್ತದೆ. ಅರ್ಧ ಎಕರೆ ತೋಟದವನಿಗೆ ಆ 9 ಕೆಜಿ ಏನೆಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಅದೇ 9 ಕೆಜಿ ಅಟ್ಟದ ಮೇಲಿಂದಲೋ ಗೋದಾಮಿನೊಳಗಿಂದಲೋ ಹೋದರೆ ಲೆಕ್ಕ ಬದಲಾಗುತ್ತದೆ. ವಾಸದ ಮನೆ ಅಥವಾ ಸ್ವತ್ತು ಇಡುವ ಕಟ್ಟಡದಿಂದ ಮಾಡಿದ ಕಳವು 305ನೇ ಕಲಮಿಗೆ ಬಂದು ಏಳು ವರ್ಷದವರೆಗೆ ಶಿಕ್ಷೆಗೆ ಗುರಿಯಾಗುತ್ತದೆ, ಮತ್ತು 5,000 ರೂಪಾಯಿಯ ರಿಯಾಯಿತಿ 303ನೇ ಕಲಮಿಗೆ ಅಂಟಿಕೊಂಡದ್ದರಿಂದ ಇಲ್ಲಿಗೆ ಬರುವುದಿಲ್ಲ. ತೆರೆದ ಅಂಗಳವನ್ನು 'ಕಟ್ಟಡ' ಎನ್ನಬಹುದೇ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ನೌಕರನು ಯಜಮಾನನ ಸ್ವಾಧೀನದಲ್ಲಿರುವುದನ್ನು ಕದ್ದರೆ 306ನೇ ಕಲಂ, ಅಲ್ಲಿಯೂ ಏಳು ವರ್ಷದವರೆಗೆ. ನನಗೆ ಕಸಿವಿಸಿಯಾಗುವುದು ಇಲ್ಲಿಯೇ. ರಾತ್ರಿ ಹನ್ನೊಂದರವರೆಗೆ ನಿಮ್ಮ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿದ ಹೆಂಗಸು ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡು ಹೋದರೆ, ಆಕೆಯನ್ನು 'ನೌಕರಳು' ಎಂದು ಪರಿಗಣಿಸಿದಲ್ಲಿ, ಕಾಗದದ ಮೇಲೆ ಆಕೆಯ ಅಪರಾಧ ದಾರಿಹೋಕ ಕಳ್ಳನದಕ್ಕಿಂತ ದೊಡ್ಡದಾಗುತ್ತದೆ, ಸಮುದಾಯ ಸೇವೆಯ ಬಾಗಿಲೂ ಮುಚ್ಚುತ್ತದೆ. ತುಂಡು ಲೆಕ್ಕದಲ್ಲಿ ಸುಲಿಯುವವರು ನೌಕರರ ವ್ಯಾಖ್ಯೆಗೆ ಬರುವುದಿಲ್ಲವೆಂದು ನಾನಂತೂ ವಾದಿಸುತ್ತೇನೆ.

ಕಳ್ಳನನ್ನು ಹಿಡಿದವರು ಮಾಡುವ ತಪ್ಪುಗಳನ್ನೂ ಹೇಳಬೇಕು. ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದವನನ್ನು ಖಾಸಗಿ ವ್ಯಕ್ತಿಯೂ ಹಿಡಿಯಬಹುದು, ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮರಕ್ಕೆ ಕಟ್ಟಿ, ಊರೆಲ್ಲ ಬಂದು ಹೊಡೆದು, ವಿಡಿಯೋ ಮಾಡಿ ಹಂಚಿದರೆ ಮರುದಿನ ಆರೋಪಿಯ ಸ್ಥಾನದಲ್ಲಿ ನೀವಿರುತ್ತೀರಿ, ಸಾಕ್ಷಿಯೂ ನಿಮ್ಮದೇ ವಿಡಿಯೋ. ಸ್ವತ್ತು ರಕ್ಷಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಬರಿಯ ಕಳವಿನ ಎದುರು ಆ ಹಕ್ಕು ಸಾವಿನವರೆಗೆ ಹೋಗುವುದಿಲ್ಲ. ಬೇಲಿಗೆ ಕರೆಂಟು ಹಾಯಿಸುವವರು ದಯವಿಟ್ಟು ಇದನ್ನು ನೆನಪಿಡಿ. ಆ ತಂತಿಗೆ ಹಂದಿ, ಕಳ್ಳ, ಹಾಲಿನ ಕ್ಯಾನು ಹಿಡಿದು ಅಡ್ಡದಾರಿಯಲ್ಲಿ ಬರುವ ಪಕ್ಕದ ಮನೆಯ ಹುಡುಗ, ಇವರ ನಡುವೆ ಭೇದವಿಲ್ಲ.

ಕೊನೆಯದಾಗಿ, ದೂರು ಬರೆಯುವಾಗ 'ಅಡಿಕೆ ಕಳವಾಗಿದೆ' ಎಂದಷ್ಟೇ ಬರೆಯಬೇಡಿ. ಹಸಿಯೋ, ಬೇಯಿಸಿದ್ದೋ, ರಾಶಿಯೋ ಬೆಟ್ಟೆಯೋ, ಎಷ್ಟು ತೂಕ, ಎಲ್ಲಿ ಇಟ್ಟಿದ್ದು, ಆ ದಿನದ ಧಾರಣೆ ಎಷ್ಟು, ಯಾವ ಚೀಲ, ಚೀಲದ ಮೇಲೆ ಯಾವ ಗುರುತು ಎಂಬುದೆಲ್ಲ ಬೇಕು. ಕಳವಾದ ಸ್ವಲ್ಪ ದಿನದಲ್ಲೇ ಮಾಲು ಯಾರ ಬಳಿ ಸಿಕ್ಕಿತೋ ಅವನೇ ಕಳ್ಳ ಅಥವಾ ಕಳವಿನ ಮಾಲೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಊಹಿಸಬಹುದೆಂದು ಸಾಕ್ಷ್ಯ ಅಧಿನಿಯಮದಲ್ಲಿದೆ, ನಿಜ. ಆದರೆ ಸಿಕ್ಕಿದ ಮಾಲು ನಿಮ್ಮದೇ ಎಂದು ಮೊದಲು ಸಾಬೀತಾಗಬೇಕಲ್ಲ.

ಬಹಳ ಹಿಂದೆ ಇಂಥದ್ದೊಂದು ಮೊಕದ್ದಮೆಯಲ್ಲಿ ನಾನು ಆರೋಪಿಯ ಪರ ವಕೀಲನಾಗಿದ್ದೆ. ದೂರುದಾರರು ಕಟಕಟೆಯಲ್ಲಿ ನಿಂತು, ಚೊಗರಿನ, ಅಂದರೆ ಅಡಿಕೆ ಬೇಯಿಸಿದ ರಸದ, ಬಣ್ಣ ನೋಡಿಯೇ ತಮ್ಮ ಮನೆಯ ಅಡಿಕೆ ಗುರುತಿಸುತ್ತೇನೆ ಎಂದರು. ನಾನು ನ್ಯಾಯಾಲಯದ ಅನುಮತಿ ಪಡೆದು ಎರಡು ಹಿಡಿ ಅಡಿಕೆಯನ್ನು ಕಾಗದದ ಮೇಲೆ ಬೇರೆಬೇರೆಯಾಗಿ ಹರಡಿ, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡರು, ತೆಗೆದರು, ಒಂದನ್ನು ಬೆಳಕಿಗೆ ಹಿಡಿದರು, ಕೊನೆಗೆ ತಪ್ಪು ಹಿಡಿಯ ಕಡೆಗೆ ಕೈ ತೋರಿಸಿದರು. ನಾನು ಗೆದ್ದೆನೆಂದೇ ಕುಳಿತೆ. ಮುಂದಿನ ಸಾಕ್ಷಿ ಅವರ ಹೆಂಡತಿ. ಆಕೆಗೂ ಅದೇ ಪ್ರಶ್ನೆ ಹಾಕಿದೆ. 'ಅಡಿಕೆ ಯಾರ್ದೋ ನಂಗೆ ಗೊತ್ತಾಗಲ್ಲ ಸ್ವಾಮಿ, ಎಲ್ಲರ ಮನೇದೂ ಒಂದೇ ತರ ಕಾಣ್ತದೆ' ಎಂದು ಆಕೆ, ಮೇಜಿನ ಪಕ್ಕದಲ್ಲಿ ಮಡಿಸಿಟ್ಟಿದ್ದ ಗೋಣಿಚೀಲವನ್ನು ಎತ್ತಿ ತಿರುಗಿಸಿದರು. ಮೂಲೆಯಲ್ಲಿ ಇಲಿ ಕಡಿದ ತೂತಿಗೆ ಹಸಿರು ಬಟ್ಟೆಯ ತೇಪೆ ಹಾಕಿತ್ತು. 'ಇದು ನನ್ನ ಹಳೇ ಸೀರೆ ಅಂಚು. ಇದರ ಉಳಿದ ತುಂಡು ಮನೇಲಿ ದೀಪ ಒರೆಸಕ್ಕೆ ಇಟ್ಕೊಂಡಿದೀನಿ, ಬೇಕಾದ್ರೆ ತರಿಸಿ.' ನ್ಯಾಯಾಧೀಶರು ನನ್ನ ಕಡೆ ನೋಡಿದರು. ಇನ್ನು ಪಾಟೀಸವಾಲು ಇಲ್ಲ ಎಂದು ಬರೆಸಿ ಕುಳಿತುಕೊಂಡೆ.